ನಮ್ಮೂರ ಹೆಸರಿನ ಗೂಳಿಗಳು

ಕಬಡ್ಡಿ ಅಂಕಣ ಅಂದರೆ ಉದ್ದ 13 ಮೀಟರ್, ಅಗಲ 10 ಮೀಟರ್. ಈ ಮೀಟರಿನ ಲೆಕ್ಕ ಬೆಂಗಳೂರಿನಲ್ಲಿ ಯಾರಿಗೂ ಸುಲಭಕ್ಕೆ ತಲೆಗೆ ಹತ್ತುವುದಿಲ್ಲ. ಇಲ್ಲಿ ಬದುಕುವವರಿಗೆ ಗೊತ್ತಿರುವುದು ಒಂದೇ ಅಳತೆ, ಥರ್ಟಿ-ಫಾರ್ಟಿ. ಅಡಿಯ ಲೆಕ್ಕಕ್ಕೆ ತಂದರೆ ಅಂಕಣ ಹೆಚ್ಚೂಕಮ್ಮಿ 33ಕ್ಕೆ 43. ಅಂದ್ರೆ ಒಂದು ಥರ್ಟಿ-ಫಾರ್ಟಿ ಸೈಟಿಗಿಂತ ಉದ್ದಕ್ಕೆ ಮೂರಡಿ, ಅಗಲಕ್ಕೆ ಮೂರಡಿ ಜಾಸ್ತಿ. ಈ ಮೂರಡಿ ನಮಗೆ ಯಾವತ್ತೂ ಸಿಕ್ಕಿದ್ದಿಲ್ಲ. ಅಂಕಣದ ಎರಡು ಅಂಚಿನಲ್ಲಿ ಒಂದೊಂದು ಮೀಟರು ಬಿಟ್ಟಿರುತ್ತಾರಲ್ಲ, ಎದುರಾಳಿಯನ್ನು ಮುಟ್ಟಿದ ಮೇಲೆ ಮಾತ್ರ ಕಾಲಿಡಬಹುದಾದ ಜಾಗ, ಅದಕ್ಕೆ ಲಾಬಿ ಅಂತಾರೆ. ಅನ್ನಪೂರ್ಣೇಶ್ವರಿ ನಗರದ ಖಾಲಿ ಸೈಟುಗಳಲ್ಲಿ ನಾವು ಆಡಿದ ಕಬಡ್ಡಿಗೆ ಲಾಬಿಯ ಒಂದು ಕಡೆ ಪಕ್ಕದ ಮನೆಯ ಕಾಂಪೌಂಡು, ಇನ್ನೊಂದು ಕಡೆ ಚರಂಡಿ.

ನಾವು ಅಂದ್ರೆ ಯಾರು ಅಂತ ಕೇಳಬಹುದು. ಮಾಗಡಿ, ಕುಣಿಗಲ್, ಕನಕಪುರ, ಮದ್ದೂರಿನ ಕಡೆಯಿಂದ ಮೂಟೆ ಕಟ್ಟಿಕೊಂಡು ಬಂದವರ ಮಕ್ಕಳು. ಅಪ್ಪಂದಿರದು ಗಾರೆ ಕೆಲಸ, ಸೆಂಟ್ರಿಂಗು, ಕಲ್ಲು ಹೊರುವುದು. ಅವ್ವಂದಿರದು ಗಾರ್ಮೆಂಟ್ಸು, ಮನೆಗೆಲಸ. ನಾಗರಬಾವಿಯ ರಿಂಗ್ ರೋಡಿಂದ ಸುಂಕದಕಟ್ಟೆಯ ಮಾಗಡಿ ರಸ್ತೆ ತನಕ ಬಡಾವಣೆಗಳು ಏಳುತ್ತಾ ಹೋದಂತೆ ಆ ಬಡಾವಣೆಗಳ ಇಟ್ಟಿಗೆ ಹೊತ್ತವರು ಅಲ್ಲಲ್ಲೇ ಶೀಟಿನ ಮನೆಗಳಲ್ಲಿ, ಆಮೇಲೆ ಬಾಡಿಗೆ ಮನೆಗಳಲ್ಲಿ ಉಳಿದುಕೊಂಡರು. ಹಾಗೆ ಉಳಿದವರು ನಾವು. ನಮ್ಮ ಕಷ್ಟ ಏನಂದ್ರೆ, ಸಂಜೆ ಸುಣ್ಣದ ಗೆರೆ ಎಳೆದು ಆಡಿದ ಸೈಟಿನಲ್ಲೇ ಮುಂದಿನ ತಿಂಗಳು ನಮ್ಮ ಅಪ್ಪಂದಿರೇ ಪಾಯ ತೋಡುತ್ತಿದ್ದರು. ಬೈಯೋಣ ಅಂದ್ರೆ ಯಾರನ್ನು ಬೈಯೋದು? ಆ ಕೂಲಿಯಲ್ಲೇ ರಾತ್ರಿ ಉಂಡಿರುತ್ತಿದ್ದೆವು. ಗೆರೆ ಅಳಿಸಿ ಮುಂದಿನ ಸೈಟಿಗೆ ಹೋಗುತ್ತಿದ್ದೆವು. ಹತ್ತು ವರ್ಷದಲ್ಲಿ ಎಷ್ಟು ಅಂಕಣ ಬದಲಾಯಿಸಿದೆವೋ ಲೆಕ್ಕ ಇಟ್ಟವರಿಲ್ಲ. ಈಗ ಆ ಅಂಕಣಗಳ ಮೇಲೆಲ್ಲ ಮೂರು ಮೂರು ಮಹಡಿ ನಿಂತಿವೆ.

ಕ್ರಿಕೆಟ್ ಯಾಕೆ ಆಡಲಿಲ್ಲ ಅಂದ್ರೆ, ಆಡಿದೆವು. ಕಿಟಕಿ ಗಾಜು ಒಡೆದ ಮೇಲೆ ಬಿಟ್ಟೆವು. ಕಬಡ್ಡಿಗೆ ಬ್ಯಾಟು ಬೇಡ, ಚೆಂಡು ಬೇಡ, ಚಡ್ಡಿ ಇದ್ದರೆ ಸಾಕು. ಉಸಿರು ಎಲ್ಲರ ಹತ್ತಿರವೂ ಇರುತ್ತೆ.

ಇನ್ನೊಂದು ವಿಷಯವಿದೆ. ಕಬಡ್ಡಿ ಮುಟ್ಟುವ ಆಟ. ಕ್ರಿಕೆಟ್ಟಿನಲ್ಲಿ ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ, ಚೆಂಡು ಮುಟ್ಟಿದರೆ ಸಾಕು. ಕಬಡ್ಡಿಯಲ್ಲಿ ಮುಟ್ಟದೆ ಪಾಯಿಂಟಿಲ್ಲ. ಬೋನಸ್ ಗೆರೆ ದಾಟಿ ಬರುವ ಒಂದು ಪಾಯಿಂಟು ಬಿಟ್ಟರೆ ಮಿಕ್ಕದ್ದೆಲ್ಲ ಮುಟ್ಟಿ ತರಬೇಕು, ಇಲ್ಲಾ ಹಿಡಿದು ಕೆಡವಬೇಕು. ನಮ್ಮ ಅಪ್ಪಂದಿರ ಕಾಲದಲ್ಲಿ ಊರಿನ ತಂಡ ಹೋಬಳಿ ಪಂದ್ಯಕ್ಕೆ ಹೊರಟರೆ ಹಿಡಿತಕ್ಕೆ ಅಂತ ಕೇರಿಯ ಹುಡುಗರಿಗೆ ಕರೆ ಬರುತ್ತಿತ್ತಂತೆ. ಊಳಿ ಊಳಿ ಗಟ್ಟಿಯಾದ ಕೈಯಲ್ಲವೇ. ಅಂಕಣದಲ್ಲಿ ತೊಡೆಗೆ ತೊಡೆ, ಸೊಂಟಕ್ಕೆ ಸೊಂಟ, ಒಬ್ಬರ ಬೆವರು ಒಬ್ಬರ ಬಾಯಿಗೆ. ಸೀಟಿ ಊದಿ ಆಟ ಮುಗಿದ ಮೇಲೆ ನೀರು ಕೊಡುವಾಗ ಮಾತ್ರ ಬೊಗಸೆ ಒಡ್ಡಬೇಕು, ಮೇಲಿಂದ ಹೊಯ್ಯುತ್ತಿದ್ದರು. ಚೊಂಬು ಕೈಗೆ ಕೊಡುತ್ತಿರಲಿಲ್ಲ. 'ಗೆರೆ ಒಳಗೆ ನಮ್ ತೊಡೆ ಬೇಕಾಗಿತ್ತು ಕಣಪ್ಪ, ಗೆರೆ ಆಚೆ ನಮ್ ನೆಳ್ಳೂ ಬ್ಯಾಡವಾಗಿತ್ತು' ಅಂತ ನಮ್ಮಲ್ಲೊಬ್ಬನ ಅಪ್ಪ ಇವತ್ತಿಗೂ ಹೇಳುತ್ತಾರೆ. ಸಿಟ್ಟಿನಿಂದಲ್ಲ, ಬೀಡಿ ಹಚ್ಚಿಕೊಳ್ಳುತ್ತಾ ಹೇಳುತ್ತಾರೆ. ಆ ಊರಿನ ಹೆಸರು ಬರೆಯುವುದು ಬೇಡ. ಅದೊಂದೇ ಊರೇನಲ್ಲ.

ಇಂಥ ಆಟವನ್ನು 2014ರ ಜುಲೈ 26ರಂದು ಟಿವಿಯವರು ಬಣ್ಣದ ದೀಪದ ಕೆಳಗೆ ನಿಲ್ಲಿಸಿದರು. ಪ್ರೊ ಕಬಡ್ಡಿ ಲೀಗ್. ಎಂಟು ಊರಿನ ಹೆಸರಲ್ಲಿ ಎಂಟು ತಂಡ, ಅದರಲ್ಲಿ ಒಂದು ನಮ್ಮೂರ ಹೆಸರಿನದು, ಬೆಂಗಳೂರು ಬುಲ್ಸ್. ಮಣ್ಣು ಹೋಗಿ ಮ್ಯಾಟು ಬಂತು. ಬರಿಗಾಲು ಹೋಗಿ ಬೂಟು ಬಂತು. ಉಸಿರು ಎಷ್ಟು ಹೊತ್ತು ಕಟ್ಟುತ್ತೀಯೋ ಅಷ್ಟು ಹೊತ್ತು ಎದುರಾಳಿಯ ಮನೆಯಲ್ಲಿ ಇರು ಅನ್ನುತ್ತಿದ್ದ ಆಟಕ್ಕೆ 30 ಸೆಕೆಂಡಿನ ಗಡಿಯಾರ ಕಟ್ಟಿದರು. ಗಂಡಸರ ತಂಡದಲ್ಲಿ ಯಾರೂ 85 ಕೆ.ಜಿ. ಮೀರಬಾರದು ಅಂತಾನೂ ನಿಯಮ. ಆ ಭಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮೊದಲನೇ ಸೀಸನ್ನೇ 43 ಕೋಟಿಗೂ ಹೆಚ್ಚು ಜನ ನೋಡಿದರು ಅಂತ ಲೆಕ್ಕ ಕೊಟ್ಟರು. ಆ ಕೋಟಿಗಳಲ್ಲಿ ನಾವೂ ಹತ್ತು ಹದಿನೈದು ಜನ ಇದ್ದೆವು. ನಮ್ಮ ಮೂಲೆಯ ಟೀ ಅಂಗಡಿಯಲ್ಲಿ ಒಂದು ಟಿವಿ. ರಾತ್ರಿ 8 ಗಂಟೆಯ ಮ್ಯಾಚಿಗೆ ಒಬ್ಬೊಬ್ಬರೂ ಒಂದು ಟೀ ಕುಡಿಯಲೇಬೇಕು ಅಂತ ಅಂಗಡಿಯವರ ಕರಾರು. 9 ಗಂಟೆಯ ಮ್ಯಾಚಿಗೆ ಇನ್ನೊಂದು. ಕನ್ನಡದಲ್ಲೇ ವಿವರಣೆ ಬರುತ್ತಿತ್ತು. 'ಫುಲ್ ಚಾರ್ಜ್ ಮಾಡಿ' ಅನ್ನೋದು ಬುಲ್ಸ್‌ನವರ ಘೋಷಣೆ. ಮೊಬೈಲಿಗೆ ಹೇಳಿದ ಹಾಗಿದೆಯಲ್ಲೋ ಅಂತ ಮೊದಮೊದಲು ನಕ್ಕೆವು. ಆಮೇಲೆ ನಾವೇ ಗಂಟಲು ಹರಿಯುವ ತನಕ ಕೂಗಿದೆವು.

ಎರಡನೇ ವರ್ಷ, 2015ರಲ್ಲಿ, ಬುಲ್ಸ್ ಫೈನಲ್ ತನಕ ಹೋಗಿ ಯು ಮುಂಬಾ ಎದುರು ಸೋತಿತು. ಆದರೆ ನಾವು ಮೊದಲ ರಾತ್ರಿಯಿಂದ ಕೊನೆ ರಾತ್ರಿಯ ತನಕ ಒಂದೂ ಬಿಡದೆ ಕೂತು ನೋಡಿದ ಸೀಸನ್ ಅಂದರೆ ಆರನೆಯದು, 2018ರ ಅಕ್ಟೋಬರ್ 7ರಿಂದ 2019ರ ಜನವರಿ 5. ಅದಕ್ಕೆ ಮುಂಚೆ ಆ ಆಗಸ್ಟಿನಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಗಂಡಸರು ಇರಾನಿನ ಎದುರು ಸೆಮಿಫೈನಲ್ ಸೋತಿದ್ದರು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಸೇರಿದಾಗಿನಿಂದ ಅಲ್ಲಿಯ ತನಕ ಬಂಗಾರ ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಟೀ ಅಂಗಡಿಯಲ್ಲಿ ಅವತ್ತು ಸಾವಾದ ಮನೆಯ ಹಾಗಿತ್ತು. ಇರಾನಿನವರು ಇದೇ ಲೀಗಿಗೆ ಬಂದು ನಮ್ಮ ಆಟ ನೋಡಿ ಕಲಿತು ಹೋದರು ಅಂತ ಕೆಲವರು ಬೈದರು. ಕಲಿತರೆ ತಪ್ಪೇನು? ಕಲಿಯಬೇಡಿ ಅಂತ ಬೈಸಿಕೊಂಡ ಜನ ನಾವು, ನಾವೇ ಇನ್ನೊಬ್ಬರಿಗೆ ಹಾಗನ್ನಬಾರದು.

ಆ ಸೀಸನ್ನಿಗೆ ಬುಲ್ಸ್ 52.8 ಲಕ್ಷ ಕೊಟ್ಟು ಪವನ್ ಸೆಹ್ರಾವತ್ ಅನ್ನೋ ಹುಡುಗನನ್ನ ಹರಾಜಿನಲ್ಲಿ ಹಿಡಿದಿತ್ತು. ದೆಹಲಿಯ ಬವಾನಾ ಕಡೆಯವನು. ಹಿಂದೆ ಇದೇ ತಂಡದಲ್ಲಿದ್ದವನು, ನಡುವೆ ಗುಜರಾತಿಗೆ ಹೋಗಿ ಅಲ್ಲಿ ಹೆಚ್ಚು ಹೊತ್ತು ಬೆಂಚು ಕಾದವನು. ಮೊದಲ ಪಂದ್ಯ ಚೆನ್ನೈನಲ್ಲಿ ತಮಿಳ್ ತಲೈವಾಸ್ ಮೇಲೆ. ಅವತ್ತೇ 20 ಪಾಯಿಂಟು ತಂದ. ಅವನ ಓಟ ನೋಡಿ ನಮ್ಮ ಟೀ ಅಂಗಡಿಯವರು ಹಾಲು ಉಕ್ಕಿಸಿದರು. ಏಳು ಜನ ಸುತ್ತ ಕೈ ಕೈ ಹಿಡಿದು ಬೇಲಿ ಕಟ್ಟಿದರೆ ಇವನು ಬೇಲಿಯ ಮೇಲಿಂದಲೇ ಹಾರುತ್ತಿದ್ದ. ನಾಯಕ ರೋಹಿತ್ ಕುಮಾರ್. ತರಬೇತಿಯ ಬಳಗದಲ್ಲಿ ನಮ್ಮ ಕರ್ನಾಟಕದ ಹಳೇ ಹುಲಿ, ಅರ್ಜುನ ಪ್ರಶಸ್ತಿಯ ಬಿ.ಸಿ. ರಮೇಶ್ ಇದ್ದರು. ಆಡುವ ಏಳರಲ್ಲಿ ಕನ್ನಡ ಮಾತಾಡುವವರನ್ನು ಹುಡುಕಬೇಕಾಗಿತ್ತು. ಅದು ನಮಗೆ ದೊಡ್ಡ ದೂರೇನಲ್ಲ. ಹರಿಯಾಣದ ಹುಡುಗರೂ ಎಮ್ಮೆ ಮೇಯಿಸಿ, ಗದ್ದೆ ಬದಿಯಲ್ಲಿ ಗೆರೆ ಎಳೆದು ಕಲಿತವರೇ. ನಮ್ಮ ಕಾರ್ಕಳದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತಿನ ತಂಡಕ್ಕೆ ನಾಯಕನಾಗಿರಲಿಲ್ಲವೇ? ಕೂಲಿಗೆ ಹೋದವನು ಯಾವ ಊರಿನ ಮನೆ ಕಟ್ಟಿದರೇನು.

ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಆಗ ಲೀಗಿನಲ್ಲಿ ಒಂದೊಂದು ತಂಡಕ್ಕೂ ತನ್ನೂರಲ್ಲಿ ಆಡುವ ಒಂದು ವಾರ ಇರುತ್ತಿತ್ತು. ನಮ್ಮ ವಾರ ಯಾವಾಗ ಬರುತ್ತೆ, ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಯಾರು ಯಾರು ಹೋಗೋದು ಅಂತ ಅಕ್ಟೋಬರಿನಿಂದಲೇ ಒಂದು ಡಬ್ಬಿಯಲ್ಲಿ ಕಾಸು ಹಾಕುತ್ತಿದ್ದೆವು. ಬುಲ್ಸ್ ತನ್ನೂರಿನ ಪಂದ್ಯಗಳನ್ನು ಆಡುವುದು ಪುಣೆಯಲ್ಲಿ ಅಂತ ಆಮೇಲೆ ಗೊತ್ತಾಯಿತು. ಹಿಂದಿನ ವರ್ಷ, 2017ರಲ್ಲಿ, ನಾಗಪುರದಲ್ಲಿ ಆಡಿತ್ತು. ಎದೆಯ ಮೇಲೆ ಬೆಂಗಳೂರು ಅಂತ ಬರೆದುಕೊಂಡು ನಾಗಪುರವನ್ನು, ಪುಣೆಯನ್ನು ನಮ್ಮೂರು ಅನ್ನೋದು ಹೇಗೆ? 'ನಮ್ದೂ ಹಂಗೇ ಅಲ್ವೇನ್ರೋ, ಆಧಾರ್ ಕಾರ್ಡ್ ಒಂದೂರ್ದು, ಬಾಡಿಗೆ ಮನೆ ಇನ್ನೊಂದೂರ್ದು' ಅಂದ ನಮ್ಮಲ್ಲೊಬ್ಬ. ಡಬ್ಬಿಯ ಕಾಸು ಹಾಗೇ ಉಳಿಯಿತು. ಅದು ಯಾವುದಕ್ಕೆ ಹೋಯಿತು ಅನ್ನುವುದನ್ನು ಮುಂದೆ ಹೇಳುತ್ತೇವೆ.

ನಮಗೂ ಒಂದು ಸೀಸನ್ ಇತ್ತು. ನವೆಂಬರಿನ ರಾಜ್ಯೋತ್ಸವದಿಂದ ಶುರುವಾಗಿ ಏಪ್ರಿಲಿನ ಅಂಬೇಡ್ಕರ್ ಜಯಂತಿ ತನಕ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ, ಕೆಂಗೇರಿ, ಎಲ್ಲೆಲ್ಲೂ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಅಂತ ಬ್ಯಾನರು ಏಳುತ್ತವೆ. ಮೊದಲ ಬಹುಮಾನ ಇಷ್ಟು ಸಾವಿರ, ಎರಡನೆಯದು ಇಷ್ಟು, ಜೊತೆಗೆ ಆಳೆತ್ತರದ ಒಂದು ಟ್ರೋಫಿ. ಬ್ಯಾನರಿನ ಮುಕ್ಕಾಲು ಭಾಗ ಪುಢಾರಿಗಳ ಮುಖ, ಮೂಲೆಯಲ್ಲಿ ಯಾರೋ ಒಬ್ಬ ರೇಡರ್‌ನ ಚಿತ್ರ. ಹೆಸರು ಬರೆಸಲು ಹೋದಾಗ ನಿಮ್ಮ ತಂಡದ ಹೆಸರೇನು ಅಂದರು. ನಮಗೆ ಹೆಸರಿರಲಿಲ್ಲ. ನಾವಿರುವ ಕ್ರಾಸಿನ ನಂಬರು ಹೇಳಿದೆವು. ಅದನ್ನೇ ಮೈಕಿನಲ್ಲಿ ಕೂಗಿದರು.

ಏಳು ಜನ ಅಂಕಣಕ್ಕೆ ಇಳಿಯಬೇಕಾದರೆ ಏಳು ಜನರ ಕೂಲಿ ಹೋಗಬೇಕು. ಶನಿವಾರ ರಾತ್ರಿ ಶುರುವಾದರೆ ಸೋಮವಾರ ಬೆಳಗಿನ ಜಾವ ಫೈನಲ್. ಒಬ್ಬ ಆಟೋ, ಇಬ್ಬರು ಪೇಂಟಿಂಗ್, ಒಬ್ಬ ಮೊಟ್ಟೆ ಗಾಡಿ, ಒಬ್ಬ ಪೀಣ್ಯದ ಒಂದು ಲೇತ್ ಶಾಪು, ಇನ್ನಿಬ್ಬರು ಸಿಕ್ಕಿದ ಕೆಲಸ. ಈ ಪೀಣ್ಯದವನು ನಮ್ಮ ಲೆಫ್ಟ್ ಕಾರ್ನರ್. ಅವನು ಹಿಮ್ಮಡಿಯ ಗಂಟು ಹಿಡಿದ ಅಂದ್ರೆ ಮುಗಿಯಿತು. ಲೇತಿನಲ್ಲಿ ಕಬ್ಬಿಣ ಹಿಡಿದ ಕೈ. ರೇಡರ್ ಕಾಲು ಚಾಚಿದ ಕ್ಷಣಕ್ಕೆ ನೆಲಕ್ಕೆ ಬೀಳುತ್ತಿದ್ದ, ಎದ್ದಾಗ ಕೈಯಲ್ಲಿ ಕಾಲಿರುತ್ತಿತ್ತು. 2018ರ ಡಿಸೆಂಬರಿನಲ್ಲಿ ಇಂಥದೇ ಒಂದು ಪಂದ್ಯಾವಳಿಯ ಕ್ವಾರ್ಟರ್ ಫೈನಲ್ಲಿನಲ್ಲಿ ಅವನು ಹಿಡಿದ, ಮೇಲಿಂದ ನಾಲ್ಕು ಜನ ಬಿದ್ದೆವು. ಪಾಯಿಂಟು ಬಂತು. ಎಲ್ಲರೂ ಎದ್ದೆವು, ಅವನು ಏಳಲಿಲ್ಲ. ಮೊಣಕಾಲು ಒಳಮುಖಕ್ಕೆ ತಿರುಗಿತ್ತು. ಕೆಳಗೆ ಮ್ಯಾಟಿರಲಿಲ್ಲ, ಜಲ್ಲಿಪುಡಿಯ ಮೇಲೆ ಒಂದು ಪದರ ಕೆಮ್ಮಣ್ಣು.

ಡಬ್ಬಿಯ ಕಾಸು ಹೋದದ್ದು ಅಲ್ಲಿಗೆ. ಎಂ.ಆರ್.ಐ. ಸ್ಕ್ಯಾನಿಗೆ ಸಾಕಾಯಿತು. ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಅಂದರು. ಹೇಳಿದ ಮೊತ್ತ ಕೇಳಿ ಅವನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪುತ್ತೂರು ಕಟ್ಟು ಹಾಕಿಸಿದೆವು. ಮುರಿದಿದ್ದು ಮೂಳೆಯಾಗಿದ್ದರೆ ಕಟ್ಟಿಗೆ ಕೂಡುತ್ತಿತ್ತು. ಮೂರನೇ ವಾರಕ್ಕೆ ಲೇತಿನ ಮುಂದೆ ಬೇರೆ ಹುಡುಗ ನಿಂತಿದ್ದ.

ಬುಲ್ಸ್ ಆ ಹೊತ್ತಿಗೆ 22 ಪಂದ್ಯಗಳಲ್ಲಿ 13 ಗೆದ್ದು ತನ್ನ ಗುಂಪಿನ ಮೇಲ್ತುದಿಗೆ ಬಂದಿತ್ತು. ಡಿಸೆಂಬರ್ 31ರ ರಾತ್ರಿ, ಊರೆಲ್ಲ ಎಂ.ಜಿ. ರೋಡಿನ ಕಡೆ ಮುಖ ಮಾಡಿದ್ದಾಗ, ನಾವು ಕೊಚ್ಚಿಯ ಕ್ವಾಲಿಫೈಯರ್ ನೋಡಿದೆವು. ಬುಲ್ಸ್ 41, ಗುಜರಾತ್ 29. ಐದು ದಿನ ಬಿಟ್ಟು ಮುಂಬೈಯ ವರ್ಲಿಯಲ್ಲಿ ಫೈನಲ್, ಮತ್ತೆ ಅದೇ ಗುಜರಾತಿನ ಎದುರು. ಅವತ್ತು ಶನಿವಾರ, ಬಟವಾಡೆ ದಿನ. ಅಂಗಡಿಯಲ್ಲಿ ಟೀ ಜೊತೆಗೆ ಬೋಂಡಾನೂ ಓಡುತ್ತಿತ್ತು. ನಮ್ಮ ಲೆಫ್ಟ್ ಕಾರ್ನರ್‌ನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇನ್ನೊಂದರ ಮೇಲೆ ಕಾಲು ಚಾಚಿಸಿದೆವು.

ಅರ್ಧ ಆಟಕ್ಕೆ ಗುಜರಾತ್ 16, ಬುಲ್ಸ್ 9. ಮಾತೇ ಹೊರಡಲಿಲ್ಲ. ಅವನು ಮಾತ್ರ ಹೇಳಿದ, 'ಅವರ ಕಾರ್ನರ್‌ಗಳು ಸುಸ್ತಾಗವ್ರೆ ನೋಡ್ಲಾ. ಮಂಡಿ ಮೇಲೆ ಕೈಯಿಟ್ಟು ನಿಂತವ್ರೆ. ಈಗ ಪವನ್ ನುಗ್ತಾನೆ.' ಅವನು ಹೇಳಿದ ಹಾಗೇ ಆಯಿತು. ಪವನ್ ಹೋಗುತ್ತಾನೆ, ಒಬ್ಬನನ್ನು ಮುಟ್ಟಿ ಬರುತ್ತಾನೆ. ಹೋಗುತ್ತಾನೆ, ಇಬ್ಬರನ್ನು ಮುಟ್ಟಿ ಬರುತ್ತಾನೆ. ಗುಜರಾತಿನ ಅಂಕಣ ಖಾಲಿಯಾಗುತ್ತಾ ಬಂತು. ಆ ಒಂದು ಪಂದ್ಯದಲ್ಲಿ ಅವನೊಬ್ಬನೇ 22 ಪಾಯಿಂಟು ತಂದ, ಆ ಸೀಸನ್ನಿಗೆಲ್ಲ ಸೇರಿ ರೇಡಿನಲ್ಲೇ 271. ಕೊನೆಗೆ ಬುಲ್ಸ್ 38, ಗುಜರಾತ್ 33. ಬಹುಮಾನ 3 ಕೋಟಿ. ನಾವು ರಸ್ತೆಗಿಳಿದು ಕುಣಿದೆವು. ಮಹಡಿಯ ಮೇಲಿನವರೊಬ್ಬರು ಬಗ್ಗಿ 'ಏನ್ರೋ ಇಂಡಿಯಾ ಗೆಲ್ತಾ?' ಅಂದರು. 'ಬೆಂಗಳೂರು ಗೆಲ್ತು ಸಾರ್' ಅಂದೆವು. 'ಯಾವುದ್ರಲ್ಲಿ?' ಅಂತ ಕೇಳಿದರು.

ಕಪ್ಪು ಗೆದ್ದ ವರ್ಷ ನಮ್ಮೂರ ತಂಡ ನಮ್ಮೂರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಹೆಣ್ಣುಮಕ್ಕಳ ವಿಷಯ ಇಲ್ಲೇ ಹೇಳಬೇಕು, ಯಾಕಂದ್ರೆ ಟೀ ಅಂಗಡಿಯಲ್ಲಿ ನಮ್ಮ ತಪ್ಪುಗಳನ್ನೆಲ್ಲ ತಿದ್ದುತ್ತಿದ್ದದ್ದು ಒಬ್ಬ ಅಕ್ಕ. ಶಾಲೆಯಲ್ಲಿ ಜಿಲ್ಲಾ ಮಟ್ಟದ ತನಕ ಆಡಿ, ಆಮೇಲೆ ಗಾರ್ಮೆಂಟ್ಸಿನ ಮಿಷಿನ್ನಿಗೆ ಕೂತವರು. ಡ್ಯೂಟಿ ಮುಗಿಸಿ ಹಾಲಿನ ಪಾಕೀಟು ಹಿಡಿದು ಹೋಗುವಾಗ ಹೊರಗೇ ನಿಂತು ಎರಡು ರೇಡ್ ನೋಡಿ, 'ಅಯ್ಯೋ ಕವರ್ ಮುಂದಕ್ಕೆ ಬಂದ್ಬಿಟ್ನಲ್ಲೋ' ಅಂದು ಹೋಗುತ್ತಿದ್ದರು. ಕಾರ್ಕಳದ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ, ಇಬ್ಬರೂ ಅರ್ಜುನ ಪ್ರಶಸ್ತಿಯವರು, ಏಷ್ಯನ್ ಗೇಮ್ಸ್ ಬಂಗಾರದವರು. 2016ರಲ್ಲಿ ಗಂಡಸರ ಲೀಗಿನ ಜೊತೆಜೊತೆಗೆ ಹೆಂಗಸರದೂ ಒಂದು ಸಣ್ಣ ಲೀಗು ನಡೆಸಿದರು. ಬರೀ ಮೂರು ತಂಡ, ಯಾವುದಕ್ಕೂ ಊರಿನ ಹೆಸರಿಲ್ಲ. ಹೈದರಾಬಾದಿನ ಫೈನಲ್ಲಿನಲ್ಲಿ ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ ಮಮತಾರ ಫೈರ್ ಬರ್ಡ್ಸ್ ಮೇಲೆ 24-23ರಲ್ಲಿ ಗೆದ್ದಿತು. ಒಂದೇ ಪಾಯಿಂಟು. ಎರಡು ಕಡೆಯ ನಾಯಕಿಯರೂ ನಮ್ಮ ರಾಜ್ಯದವರು. ಆ ಲೀಗು ಮುಂದಿನ ವರ್ಷ ಬರಲಿಲ್ಲ. 'ನಮ್ದು ಯಾವಾಗ್ಲೂ ಡು ಆರ್ ಡೈ ರೇಡೇ ಕಣ್ರೋ, ಒಂದೇ ಸಲ ಬಿಡೋದು' ಅಂದರು ಆ ಅಕ್ಕ.

ಹಿಂದೆಲ್ಲ ಕಬಡ್ಡಿ ಚೆನ್ನಾಗಿ ಆಡಿದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ ಆಗುತ್ತೆ ಅನ್ನೋ ಆಸೆ ಒಂದಿತ್ತು. ವಿಜಯ ಬ್ಯಾಂಕಿನ ಕಬಡ್ಡಿ ತಂಡ ಅಂದರೆ ನಮ್ಮ ಕಡೆ ಗೌರವ. ಬುಲ್ಸ್ ಕಪ್ಪು ಗೆದ್ದ ಮೂರು ತಿಂಗಳಿಗೆ, 2019ರ ಏಪ್ರಿಲ್ 1ಕ್ಕೆ, ವಿಜಯ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಹೋಯಿತು. ಹರಾಜಿನಲ್ಲಿ ಕೋಟಿ ತೆಗೆದುಕೊಳ್ಳುವವನು ನೂರರಲ್ಲಿ ಒಬ್ಬ. ತಿಂಗಳ ಸಂಬಳದ, ಮಂಡಿ ಹೋದರೂ ಮೇಜಿನ ಮುಂದೆ ಕೂರಿಸುವ ನೌಕರಿ ಬೇಕಾಗಿರುವುದು ಮಿಕ್ಕ ತೊಂಬತ್ತೊಂಬತ್ತು ಜನಕ್ಕೆ. ಇದು ಹೇಳಿದರೆ ಆಟಕ್ಕೂ ರಾಜಕೀಯ ತರ್ತೀರಿ ಅನ್ನುತ್ತಾರೆ.

ರಾಜಕೀಯ ಆಟದಲ್ಲಿ ಇವತ್ತು ಬಂದದ್ದಲ್ಲ. ನಮ್ಮಲ್ಲಿ ಓದುವ ಚಟ ಇರುವವನೊಬ್ಬ ಒಂದು ಸಂಗತಿ ಹೇಳಿದ. ಇಂಗ್ಲೆಂಡಿನಲ್ಲಿ ರಗ್ಬಿ ಅಂತ ಒಂದು ಆಟ. ಚೆಂಡು ಎದೆಗವಚಿಕೊಂಡು ಓಡುವುದು, ಓಡುವವನನ್ನು ಹಿಡಿದು ಕೆಡವುವುದು, ನಮ್ಮ ಕಬಡ್ಡಿಯ ದೂರದ ದಾಯಾದಿ ಇದ್ದ ಹಾಗೆ. ಉತ್ತರದ ಕಡೆ ಅದನ್ನು ಆಡುತ್ತಿದ್ದವರಲ್ಲಿ ಗಣಿಯವರು, ಗಿರಣಿಯವರು ಬಹಳ. ಶನಿವಾರ ಆಟಕ್ಕೆ ಹೋದರೆ ಅವತ್ತಿನ ಕೂಲಿ ಮುರಿಯುತ್ತಿತ್ತು. ಮುರಿದ ಕೂಲಿಯನ್ನು ಕ್ಲಬ್ಬು ಕೊಡಲಿ ಅಂತ ಕೇಳಿದರೆ ಲಂಡನ್ನಿನ ದೊಡ್ಡವರು, ಆಟ ಅನ್ನೋದು ಪ್ರೀತಿಗಾಗಿ ಆಡುವಂಥದ್ದು, ದುಡ್ಡು ಮುಟ್ಟಿದರೆ ಮೈಲಿಗೆ ಅನ್ನೋ ಹಾಗೆ ಮಾತಾಡಿದರು. ಅವರಿಗೇನು, ಶನಿವಾರ ಕೂಲಿಗೆ ಹೋಗಬೇಕಾಗಿರಲಿಲ್ಲ. 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡ್ ಅನ್ನೋ ಊರಿನ ಒಂದು ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಸೇರಿ ಬೇರೆ ಮನೆ ಮಾಡಿಕೊಂಡವು. ಮುರಿದ ಕೂಲಿಗೆ ದಿನಕ್ಕೆ 6 ಶಿಲಿಂಗಿನ ತನಕ ಕೊಡಬಹುದು ಅಂತ ನಿಯಮ ಮಾಡಿದವು. ಇವತ್ತು ರಗ್ಬಿ ಲೀಗ್ ಅಂತ ಆಡುವ ಆಟ ಹುಟ್ಟಿದ್ದು ಆ 6 ಶಿಲಿಂಗಿನ ಜಗಳದಿಂದ. ಇದನ್ನು ಕೇಳಿದ ದಿನ ನಾವು ಬಹಳ ಹೊತ್ತು ಮಾತಾಡಿಕೊಂಡೆವು. ಪೀಣ್ಯದ ಕೂಲಿ ಲೆಕ್ಕದಲ್ಲಿ 6 ಶಿಲಿಂಗ್ ಎಷ್ಟಾಗುತ್ತೆ ಅಂತ ಒಬ್ಬ ಮೊಬೈಲಿನಲ್ಲಿ ಗುಣಿಸಲು ನೋಡಿ ಸೋತ.

ಮುಂದಿನ ಸೀಸನ್ನುಗಳನ್ನು ಬೇಗ ಹೇಳಿಬಿಡುತ್ತೇವೆ. 2019ರಲ್ಲಿ ಆಟ ಕಂಠೀರವಕ್ಕೆ ಬಂತು. ಆಗ ಡಬ್ಬಿ ಖಾಲಿ, ಹೋದವರು ಮೂವರೇ. ಬಿ.ಸಿ. ರಮೇಶ್ ಆ ವರ್ಷ ಬಂಗಾಳಕ್ಕೆ ಹೋಗಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ಪು ಗೆಲ್ಲಿಸಿದರು. 2020ರಲ್ಲಿ ಕೊರೊನಾ, ಆಟವಿಲ್ಲ, ನಮಗೆ ಕೂಲಿಯೂ ಇಲ್ಲ. 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರ ತನಕ ಇಡೀ ಸೀಸನ್ನು, ಎಲ್ಲ ತಂಡಗಳ ಎಲ್ಲ ಪಂದ್ಯಗಳು ನಮ್ಮ ಬೆಂಗಳೂರಿನಲ್ಲೇ ನಡೆದವು. ಎಲ್ಲಿ? ವೈಟ್‌ಫೀಲ್ಡಿನ ಶೆರಟಾನ್ ಗ್ರ್ಯಾಂಡ್ ಹೋಟೆಲಿನ ಒಳಗೆ. ರೋಗದ ಕಾಲ, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಅದು ಸರಿಯಾದದ್ದೇ, ನಾವು ತಪ್ಪು ಅನ್ನುವುದಿಲ್ಲ. ಆದರೂ ಪಶ್ಚಿಮದ ತುದಿಯ ಟೀ ಅಂಗಡಿಯಲ್ಲಿ ಕೂತು, ಇದೇ ಊರಿನ ಪೂರ್ವದ ತುದಿಯಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡುತ್ತಿರುವುದನ್ನು, ಅದಕ್ಕೆ ಜನರ ಕೂಗನ್ನು ಯಂತ್ರದಿಂದ ಸೇರಿಸಿದ್ದನ್ನು ಕೇಳುತ್ತಿದ್ದರೆ ಒಂಥರಾ ಆಗುತ್ತಿತ್ತು. ಆ ಕೂಗು ನಮ್ಮದಾಗಬೇಕಿತ್ತು.

2022ರ ಅಕ್ಟೋಬರಿನಲ್ಲಿ ಮತ್ತೆ ಕಂಠೀರವ. ಈ ಸಲ ಪವನ್ ನಮ್ಮವನಲ್ಲ. ಹರಾಜಿನಲ್ಲಿ ತಮಿಳ್ ತಲೈವಾಸ್‌ನವರು 2.26 ಕೋಟಿ ಕೊಟ್ಟು ಕೊಂಡಿದ್ದರು. ಅಕ್ಟೋಬರ್ 8ರಂದು ಅವನ ಹೊಸ ತಂಡದ ಮೊದಲ ಪಂದ್ಯ, ಗುಜರಾತಿನ ಎದುರು, ಬೆಂಗಳೂರಿನಲ್ಲೇ. ಆಟ ಶುರುವಾಗಿ ಹತ್ತು ನಿಮಿಷವಾಗಿತ್ತೋ ಏನೋ, ಒಬ್ಬನನ್ನು ಹಿಡಿಯಲು ಹೋಗಿ ಮೊಣಕಾಲು ಹಿಡಿದುಕೊಂಡು ಬಿದ್ದ. ಎತ್ತಿಕೊಂಡು ಹೊರಗೆ ಒಯ್ದರು. ಟೀ ಅಂಗಡಿಯಲ್ಲಿ ನಾವೆಲ್ಲ ಒಂದೇ ಸಲ ನಮ್ಮ ಲೆಫ್ಟ್ ಕಾರ್ನರ್ ಕಡೆ ತಿರುಗಿದೆವು. ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. 'ಎದ್ದೇಳ್ತಾನೆ ಬುಡ್ರೋ, ಅವನಿಗೆ ಆಪರೇಷನ್ ಮಾಡಿಸ್ತಾರೆ' ಅಂದ. ಪವನ್ ಆ ಸೀಸನ್ ಪೂರ್ತಿ ಆಡಲಿಲ್ಲ. ಮುಂದಿನ ಹರಾಜಿನಲ್ಲಿ, 2023ರಲ್ಲಿ, ತೆಲುಗು ಟೈಟನ್ಸ್ ಅವನಿಗೆ 2.605 ಕೋಟಿ ಕೊಟ್ಟಿತು. ಅವನು ವಾಪಸು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಮ್ಮ ಕಾರ್ನರ್ರೇ. ಅದರಲ್ಲಿ ಅಸೂಯೆ ಹುಡುಕಿದವರಿಗೆ ಸಿಗುವುದಿಲ್ಲ, ನಾವು ಹುಡುಕಿ ನೋಡಿದ್ದೇವೆ. ಅವನು ಈಗ ಒಂದು ದಿನಸಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ. ಮೂಟೆ ಎತ್ತಲಾಗುವುದಿಲ್ಲ. ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಮೊದಲು ಇಡುತ್ತಾನೆ.

2023ರ ಡಿಸೆಂಬರಿನಲ್ಲಿ ಒಂದು ವಾರ ಕಂಠೀರವದಲ್ಲಿ ಆಟ ನಡೆಯಿತು. 2024ರಲ್ಲಿ ಲೀಗನ್ನು ಹೈದರಾಬಾದ್, ನೊಯ್ಡಾ, ಪುಣೆ ಅಂತ ಮೂರೇ ಊರಿಗೆ ಕಟ್ಟಿದರು. ಆ ವರ್ಷ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಒಂದು ಸಮ, 19 ಸೋಲು, ಹನ್ನೆರಡರಲ್ಲಿ ಹನ್ನೆರಡನೇ ಸ್ಥಾನ. ಮೊದಲ ಪಂದ್ಯವನ್ನೇ ಸೋತದ್ದು ಪವನ್ ನಾಯಕನಾಗಿದ್ದ ತೆಲುಗು ಟೈಟನ್ಸ್ ಕೈಯಲ್ಲಿ. ಜನ ತಮಾಷೆ ಮಾಡಿದರು, ಗೂಳಿಗಳಲ್ಲ, ಕರುಗಳು ಅಂತ. ಗೆದ್ದಾಗ ಟಿವಿ ಮುಂದೆ ಬಂದು ಕೂತವರು ಸೋತಾಗ ಚಾನೆಲ್ ಬದಲಾಯಿಸಿದರು. ನಾವು ಬದಲಾಯಿಸಲಿಲ್ಲ. ಇದೇನು ದೊಡ್ಡತನವಲ್ಲ. 19 ಸಲ ಸೋಲುವುದು ಹೇಗಿರುತ್ತೆ, ಮಾರನೇ ದಿನ ಎದ್ದು ಮತ್ತೆ ಅದೇ ಗೆರೆಯ ಹತ್ತಿರ ಹೋಗಿ ನಿಲ್ಲುವುದು ಹೇಗಿರುತ್ತೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2025ಕ್ಕೆ ಬಿ.ಸಿ. ರಮೇಶ್ ಮುಖ್ಯ ತರಬೇತುದಾರರಾಗಿ ವಾಪಸು ಬಂದರು. ನಡುವೆ ಪುಣೇರಿ ಪಲ್ಟನ್‌ಗೂ ಅವರು 2024ರ ಮಾರ್ಚಿನಲ್ಲಿ ಕಪ್ಪು ಗೆಲ್ಲಿಸಿ ಬಂದಿದ್ದರು. ತಳದಲ್ಲಿ ಬಿದ್ದಿದ್ದ ತಂಡ ಆ ವರ್ಷ ಪ್ಲೇಆಫ್ ತನಕ ಎದ್ದು ಬಂತು. ಆಟ ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಬೆಂಗಳೂರಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಚೆನ್ನೈ ಹತ್ತಿರವಿದೆಯಲ್ಲ, ಹೋಗಿಬಿಡೋಣ ಅಂತ ಒಬ್ಬ ಎದ್ದ. ಲೆಕ್ಕ ಹಾಕಿದೆವು. ಜನರಲ್ ಬೋಗಿ, ಆಟದ ಟಿಕೀಟು, ಊಟ, ಇವೆಲ್ಲ ಹೇಗೋ ಆಗುತ್ತೆ. ಆಗದಿರುವುದು ಎರಡು ದಿನದ ಕೂಲಿ. ಆಟೋದವನಿಗೆ ಬಡ್ಡಿ ಕಟ್ಟಬೇಕು, ಪೇಂಟಿಂಗಿನವರಿಗೆ ದಸರಾ ಕಳೆದು ದೀಪಾವಳಿಯ ಮುಂಚಿನ ಕೆಲಸ. ಎಲ್ಲರೂ ಹೋಗುವುದು ಆಗಲ್ಲ ಅಂತಾಯಿತು. ಹಾಗಾದರೆ ಇಬ್ಬರು ಹೋಗಲಿ. ಯಾರು ಅನ್ನೋದಕ್ಕೆ ಚೀಟಿ ಎತ್ತಲಿಲ್ಲ. ನಮ್ಮ ಲೆಫ್ಟ್ ಕಾರ್ನರ್ ಮತ್ತು ಹಾಲಿನ ಪಾಕೀಟಿನ ಅಕ್ಕ. 'ನನ್ಗೆ ರಜಾ ಹಾಕುದ್ರೆ ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಯ್ತದೆ ಕಣ್ರೋ' ಅಂದರು ಅಕ್ಕ. ಅದನ್ನೂ ಸೇರಿಸಿ ಬರೆದುಕೊಂಡೆವು. ದಿನಸಿ ಅಂಗಡಿಯ ಎರಡು ದಿನ, ಗಾರ್ಮೆಂಟ್ಸಿನ ಎರಡು ದಿನ, ಬೋನಸ್ಸು. ಹಳೇ ಡಬ್ಬಿ ಸಿಗಲಿಲ್ಲ, ಟೀ ಅಂಗಡಿಯವರು ಬಿಸ್ಕತ್ತಿನ ಒಂದು ಬಾಟಲಿ ಖಾಲಿ ಮಾಡಿ ಕೊಟ್ಟರು. ಹೋಗುವ ಹಿಂದಿನ ರಾತ್ರಿ ಎಣಿಸಿದಾಗ 140 ರೂಪಾಯಿ ಕಡಿಮೆ ಇತ್ತು. ಟೀ ಅಂಗಡಿಯವರು ಗಲ್ಲಾ ಎಳೆದು ಅದನ್ನೂ ಹಾಕಿ, ಲೆಕ್ಕದ ಪುಸ್ತಕದಲ್ಲಿ ನಮ್ಮ ಕ್ರಾಸಿನ ನಂಬರಿನ ಮುಂದೆ ಬರೆದುಕೊಂಡರು.